ಏನಿದ್ದರೂ ಕಾಗದ ಬರೆಯಿರಿ

ಕಗ್ಗದಾಸಪುರ
12 ಸೆಪ್ಟೆಂಬರ್ 1999

ರೀ,

ನಿಮ್ಮ ಕಾಗದ ಬಂತು. ಬರೆದದ್ದು ಒಂದೂವರೆ ಪುಟ, ಅದರಲ್ಲಿ ಒಂದು ಪುಟ ಡಂಪರಿನ ಸಮಾಚಾರ. ಸಿಂಗ್ರೌಲಿಯ ಕಲ್ಲಿದ್ದಲು ಗಣಿಗೆ ಫ್ಯಾಕ್ಟರಿಯವರು ನಿಮ್ಮನ್ನು ಒಂದು ವರ್ಷದ ಮಟ್ಟಿಗೆ ಕಳಿಸಿರುವುದು ಡಂಪರ್ ರಿಪೇರಿ ಮಾಡುವುದಕ್ಕೇ, ನನಗೂ ಗೊತ್ತು. ಹಾಗಂತ ಅವುಗಳ ಕ್ಷೇಮಸಮಾಚಾರವನ್ನೆಲ್ಲ ನನಗೆ ಬರೆಯಬೇಕೆ? ನೀವು ಸರಿಯಾಗಿ ಊಟ ಮಾಡುತ್ತೀರೋ ಇಲ್ಲವೋ ಅನ್ನುವುದು ಅರ್ಧ ಸಾಲಿನಲ್ಲಿ ಮುಗಿದುಹೋಗಿದೆ.

ಫೋನಿನಲ್ಲಿ ಯಾಕೆ ಮಾತಾಡುವುದಿಲ್ಲ ಎಂದು ಕೇಳಿದ್ದೀರಿ. ಎದುರುಮನೆ ದೊಡ್ಡಮುನಿಯಮ್ಮನವರ ನಡುಮನೆಯಲ್ಲಿ ನಿಂತು ಗಂಡನ ಜೊತೆ ನಾನು ಏನು ಮಾತಾಡಲಿ? ನಿಮ್ಮ ಫೋನು ಬಂತೆಂದರೆ ಅವರು ಟೀವಿ ಸದ್ದು ತಗ್ಗಿಸುತ್ತಾರೆ. ನನಗೆ ಕೇಳಿಸಲಿ ಅಂತಲ್ಲ, ಅವರಿಗೆ ಕೇಳಿಸಲಿ ಅಂತ. ಅತ್ತೆಯವರಿಗೆ ಕಿವಿ ಮಂದವಾದ ಮೇಲಂತೂ ನೀವು ಹೇಳಿದ್ದನ್ನೆಲ್ಲ ಅವರು ಗಟ್ಟಿಯಾಗಿ ಇನ್ನೊಮ್ಮೆ ಹೇಳುತ್ತಾರೆ. ನೀವು ಹೋದ ತಿಂಗಳು ಚಡ್ಡಿ ಬನಿಯನ್ ಸಾಲದು ಅಂದದ್ದು ಬೀದಿಗೆಲ್ಲ ಗೊತ್ತು.

ಇಲ್ಲಿ ಎಲ್ಲರೂ ಕ್ಷೇಮ. ಮೇಲಿನ ರೂಮಿನಲ್ಲಿ ಸೆಕೆ ಅಂತ ನಾನು ಹಾಸಿಗೆಯನ್ನು ಕೆಳಗೆ ನಡುಮನೆಗೆ ತಂದುಕೊಂಡಿದ್ದೇನೆ. ಸ್ವಲ್ಪ ಆಯಾಸ, ಅಷ್ಟೆ. ನಲ್ಲಿಯಿಂದ ನೀರು ಹೊರುವಾಗ ದಾರಿಯಲ್ಲಿ ಒಮ್ಮೆ ಬಿಂದಿಗೆ ಇಳಿಸಿಕೊಳ್ಳಬೇಕಾಗುತ್ತದೆ. ಅತ್ತೆ ನೋಡಿ ಮುಖ ತಿರುಗಿಸುತ್ತಾರೆ. ಸಂಕ್ರಾಂತಿಯಲ್ಲಿ ನಾಲ್ಕು ತಿಂಗಳಿಗೇ ಬಸಿರು ಇಳಿದುಹೋದದ್ದು ನಾನು ಬಿಂದಿಗೆ ಹೊತ್ತಿದ್ದರಿಂದಲೇ ಎಂದು ಅವರ ಲೆಕ್ಕ. ಬಾಯಿಬಿಟ್ಟು ಅನ್ನುವುದಿಲ್ಲ, ನಾನೂ ಕೇಳುವುದಿಲ್ಲ.

ದಸರೆಗೆ ರಜೆ ಸಿಗುವುದಿಲ್ಲವೆ?

ಯಮುನಾ


ಸಿಂಗ್ರೌಲಿ
24 ಸೆಪ್ಟೆಂಬರ್ 1999

ಯಮುನಾ,

ದಸರೆಗೆ ರಜೆ ಇಲ್ಲ. ನಾನು ಹೋದರೆ ಇಲ್ಲಿ ಬೇರೆ ಆಳಿಲ್ಲ. ಊಟ ಮಾಡುತ್ತಿದ್ದೇನೆ. ರೊಟ್ಟಿ, ಆಲೂಗೆಡ್ಡೆ, ಮತ್ತೆ ಆಲೂಗೆಡ್ಡೆ. ಒಂದು ಮುದ್ದೆ, ಒಂದು ಬಟ್ಟಲು ಬಸ್ಸಾರು ಯಾರಾದರೂ ಕೊಟ್ಟರೆ ಅವರ ಡಂಪರನ್ನು ಪುಕ್ಕಟೆ ರಿಪೇರಿ ಮಾಡಿಕೊಡುತ್ತೇನೆ.

ಈಗ ನಿಜ ಹೇಳು. ಬೆಂಗಳೂರಿನಲ್ಲಿ ಸೆಪ್ಟೆಂಬರಿನಲ್ಲಿ ಯಾರಿಗೆ ಸೆಕೆಯಾಗುತ್ತದೆ? ಅಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. "ನಿನ್ ಎಂಡ್ತಿ ಮೇಲಿನ್ ರೂಮು ಬಿಟ್ಬುಟ್ಳು ಕಣೋ. ಗೋಡೆಗೆ ಒರಗ್ಕೊಂಡು ಕುಂತೇ ಇರ್ತಾಳೆ ರಾತ್ರಿಯೆಲ್ಲ. ಯಾರ್ ಮ್ಯಾಲೆ ಸಿಟ್ಟೋ ಕಾಣೆ" ಅಂದಳು. ಯಾರ ಮೇಲೆ ಅಂತ ನನಗೆ ಗೊತ್ತಾಯಿತು. ಸಂಕ್ರಾಂತಿಯ ಸಂಕಟ ಆರುವ ಮೊದಲೇ ನಾನು ಈ ಕೆಲಸ ಒಪ್ಪಿಕೊಂಡು ಹೊರಟುಬಂದೆ. ಬೇಡ ಅಂತ ನೀನು ಒಂದು ಮಾತು ಅಂದಿದ್ದರೆ ನಿಂತುಬಿಡುತ್ತಿದ್ದೆ. ನೀನು ಪೆಟ್ಟಿಗೆ ತುಂಬಿಕೊಟ್ಟೆ, ಚಟ್ನಿಪುಡಿ ಕಟ್ಟಿಕೊಟ್ಟೆ. ನಾನು ಪೆದ್ದ, ನಂಬಿದೆ.

ಸಿಟ್ಟಿದ್ದರೆ ಬೈದು ಬರಿ. ರೂಮು ಬಿಟ್ಟು ಕೂರಬೇಡ. ಆ ರೂಮಿನಲ್ಲಿ ನೀನಿದ್ದೀಯ ಅಂದುಕೊಂಡೇ ನಾನು ಇಲ್ಲಿ ನಿದ್ದೆ ಮಾಡುವುದು.

ಮುನೀಂದ್ರ


ಕಗ್ಗದಾಸಪುರ
4 ಅಕ್ಟೋಬರ್ 1999

ರೀ,

ಸಿಟ್ಟೂ ಇಲ್ಲ, ಸೆಡವೂ ಇಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ. ಅದಕ್ಕೆ ಕೂತು ನಿದ್ದೆ ಮಾಡುತ್ತೇನೆ. ಮೆಟ್ಟಿಲು ಹತ್ತುವುದಕ್ಕೆ ಆಗುವುದಿಲ್ಲ, ಅದಕ್ಕೆ ರೂಮು ಬಿಟ್ಟೆ. ನೀವು ದೂರದಲ್ಲಿದ್ದೀರಿ, ಸುಮ್ಮನೆ ಯಾಕೆ ಹೆದರಿಸುವುದು ಅಂತ ಸೆಕೆಯ ಕಥೆ ಕಟ್ಟಿದೆ.

ಬ್ಲೌಸ್ ಪೀಸ್ ತರುತ್ತೇನೆ ಎಂದು ಅತ್ತೆಗೆ ಹೇಳಿ ಕಮರ್ಷಿಯಲ್ ಸ್ಟ್ರೀಟಿಗೆ ಹೊರಟವಳು ದೊಡ್ಡಾಸ್ಪತ್ರೆಗೆ ಹೋದೆ. ಎದೆಗೆ ತಣ್ಣನೆಯ ಅಂಟು ಸವರಿ ಟೀವಿಯಂಥದರಲ್ಲಿ ಹೃದಯ ನೋಡಿದರು. ಒಂದು ವಾಲ್ವ್ ಕೆಟ್ಟಿದೆ. ಬಾಗಿಲಿನ ಹಾಗೆ ತೆರೆದು ಮುಚ್ಚಬೇಕಾದದ್ದು ಗಟ್ಟಿಯಾಗಿ ಅರ್ಧಕ್ಕೇ ನಿಂತಿದೆ. ಪೂರ್ತಿ ಮುಚ್ಚುವುದೂ ಇಲ್ಲ, ಹಿಂದಕ್ಕೆ ಸೋರುತ್ತದೆ. ಚಿಕ್ಕವಳಿದ್ದಾಗ ಮಂಡಿ, ಮೊಣಕೈ ಊದಿ ಜ್ವರ ಬಂದಿತ್ತಾ ಅಂತ ಕೇಳಿದರು. ಬಂದಿತ್ತು. ಅಪ್ಪ ಹರಳೆಣ್ಣೆ ತಿಕ್ಕಿದ್ದರು, ಇಳಿಯಿತು, ಎಲ್ಲರೂ ಮರೆತರು. ಆ ಜ್ವರವೇ ವಾಲ್ವನ್ನು ತಿಂದುಹಾಕಿರುವುದಂತೆ.

ಇನ್ನೊಂದು ವಿಷಯ. ಸಂಕ್ರಾಂತಿಯಲ್ಲಿ ಆದದ್ದು ಬಿಂದಿಗೆಯಿಂದ ಅಲ್ಲವಂತೆ. "ಇಬ್ಬರಿಗೆ ಸಾಕಾಗೋಷ್ಟು ರಕ್ತ ತಳ್ಳೋಕೆ ನಿಮ್ ಹಾರ್ಟಿಗೆ ಶಕ್ತಿ ಇರ್ಲಿಲ್ಲಮ್ಮ. ನೀವು ಉಳಿದಿದ್ದೇ ಹೆಚ್ಚು" ಅಂದರು ಡಾಕ್ಟರು. ಅಷ್ಟು ಕೇಳಿದ್ದೇ, ಅವರ ಎದುರಿಗೇ ಅತ್ತುಬಿಟ್ಟೆ. ಇಷ್ಟು ದಿನ ಒಳಗೊಳಗೇ ನಾನೂ ಆ ಬಿಂದಿಗೆಯನ್ನೇ ಬೈದುಕೊಳ್ಳುತ್ತಿದ್ದೆ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಬೆಳಿಗ್ಗೆ ಎದ್ದು ನೋಡಿದರೆ ಆ ನೋವಿನ ಮಂಡಿ ಹೊತ್ತುಕೊಂಡು ಅವರೇ ನಲ್ಲಿಯ ಸಾಲಿನಲ್ಲಿ ನಿಂತಿದ್ದರು. "ನೀನ್ ಒಳಕ್ಕೋಗು" ಅಂದರು. ಈಗ ದಿನಾ ಅವರೇ ತರುತ್ತಾರೆ.

ಎದೆ ತೆರೆದು ವಾಲ್ವ್ ಬದಲಿಸಬೇಕು. ಡಿಸೆಂಬರಿನಲ್ಲಿ ದಿನ ಕೊಡುತ್ತಾರೆ. ಖರ್ಚು ಫ್ಯಾಕ್ಟರಿಯದು, ಅದರ ಯೋಚನೆ ಬೇಡ. ವಾಲ್ವಿನಲ್ಲಿ ಎರಡು ತರಹ ಇವೆಯಂತೆ, ಒಂದು ಲೋಹದ್ದು, ಇನ್ನೊಂದು ಪ್ರಾಣಿಯ ಪೊರೆಯಿಂದ ಮಾಡಿದ್ದು. ಯಾವುದು ಬೇಕೆಂದು ನಾವೇ ಹೇಳಬೇಕಂತೆ. ಡಾಕ್ಟರು ಬಹಳ ಹೊತ್ತು ವಿವರಿಸಿದರು. ಅದನ್ನೆಲ್ಲ ಇನ್ನೊಮ್ಮೆ ಬರೆಯುತ್ತೇನೆ. ಈಗ ಕೈ ಸೋತಿದೆ.

ಯಮುನಾ


ಸಿಂಗ್ರೌಲಿ
15 ಅಕ್ಟೋಬರ್ 1999

ಯಮುನಾ,

ನಿನ್ನ ಕಾಗದವನ್ನು ಶೆಡ್ಡಿನಲ್ಲಿ ನಿಂತು ಓದಿದೆ. ಆಮೇಲೆ ಒಂದು ಡಂಪರಿನ ಚಕ್ರದ ಹಿಂದೆ ಕೂತು ಇನ್ನೊಮ್ಮೆ ಓದಿದೆ. ನಾನು ಹೇಗಿದ್ದೇನೆ ಎಂದು ಬರೆದು ನಿನ್ನ ತಲೆ ತಿನ್ನುವುದಿಲ್ಲ. ಡಿಸೆಂಬರ್ ಎಂಟಕ್ಕೆ ಹೊರಡಲು ಮ್ಯಾನೇಜರು ಒಪ್ಪಿದ್ದಾರೆ. ಅಷ್ಟರಲ್ಲಿ ಬದಲಿ ಆಳು ಬರುತ್ತಾನೆ. ನಿನ್ನ ಆಪರೇಷನ್ನಿನ ಹೊತ್ತಿಗೆ ನಾನು ಅಲ್ಲಿರುತ್ತೇನೆ.

ವಾಲ್ವಿನ ವಿಷಯ ನೀನು ಯೋಚಿಸಬೇಕಾಗಿಯೇ ಇಲ್ಲ, ಅದು ನನ್ನ ಇಲಾಖೆ. ಹದಿನಾಲ್ಕು ವರ್ಷದಿಂದ ನಾನು ಮಾಡುತ್ತಿರುವುದು ಅದನ್ನೇ. ಒಮ್ಮೆ ಬಿಚ್ಚಿದ ಇಂಜಿನ್ನನ್ನು ಮತ್ತೆ ಬಿಚ್ಚುವ ಹಾಗಿರಬಾರದು. ಗಟ್ಟಿಯಾದ ಪಾರ್ಟ್ ಹಾಕಬೇಕು, ಮರೆತುಬಿಡಬೇಕು. ಇಲ್ಲಿನ ಗಣಿ ಆಸ್ಪತ್ರೆಯ ಡಾಕ್ಟರನ್ನೂ ಸುಮ್ಮನೆ ಕೇಳಿದೆ. ಲೋಹದ್ದೇ ಬಾಳಿಕೆ ಬರುವುದು ಅಂದರು. ಲೋಹದ್ದು ಅಂತ ಹೇಳಿಬಿಡು. ಬೇರೆ ಏನೂ ತಲೆಗೆ ಹಚ್ಚಿಕೊಳ್ಳಬೇಡ.

ಶಿವಾಜಿನಗರದ ಮುನೀರನಿಗೆ ಫೋನು ಮಾಡಿದ್ದೇನೆ. ಓಡಾಟಕ್ಕೆ ಅವನ ಆಟೋ ಕರಿ. ಬಿಂದಿಗೆ ಮುಟ್ಟಬೇಡ.

ಮುನೀಂದ್ರ


ಕಗ್ಗದಾಸಪುರ
27 ಅಕ್ಟೋಬರ್ 1999

ರೀ,

ಡಿಸೆಂಬರ್ ಹದಿನೈದಕ್ಕೆ ದಿನ ಗೊತ್ತಾಯಿತು. ಅದಕ್ಕೆ ಮುಂಚೆ ಹಲ್ಲು ಕೀಳಿಸಬೇಕಂತೆ. ಎದೆಯ ಆಪರೇಷನ್ನಿಗೂ ಹಲ್ಲಿಗೂ ಏನು ಸಂಬಂಧ ಅಂತ ಅತ್ತೆ ಜಗಳಕ್ಕೇ ನಿಂತರು. ಹುಳುಕಿನ ಕೀವು ರಕ್ತಕ್ಕೆ ಸೇರಿ ಹೊಸ ವಾಲ್ವನ್ನು ಹಿಡಿಯುತ್ತದಂತೆ. ಎರಡು ದವಡೆ ಹಲ್ಲು ಹೋದವು. ಈಗ ನಾನು ಬೈದರೂ ಮುಂಚಿನ ಹಾಗೆ ಹಲ್ಲು ಕಚ್ಚಿ ಬೈಯಲು ಬರುವುದಿಲ್ಲ. ನಿಮ್ಮ ಅದೃಷ್ಟ.

ಆಪರೇಷನ್ನಿಗೆ ರಕ್ತವನ್ನೂ ನಾವೇ ಹೊಂದಿಸಬೇಕು. ಹೊರಮಾವಿನ ನಿಮ್ಮ ಚಿಕ್ಕಪ್ಪನ ಮಕ್ಕಳು ಪೂರಿ ಸಾಗು ತಿಂದು, ಕಾಫಿ ಕುಡಿದು, ರಕ್ತದ ಮಾತು ಬಂದ ಕೂಡಲೇ ಎದ್ದು ಚಪ್ಪಲಿ ಹುಡುಕಿದರು. ಒಬ್ಬನಿಗೆ ತಲೆಸುತ್ತು, ಒಬ್ಬನಿಗೆ ವ್ರತ. ಮುನೀರ್ ಅವರ ಸ್ಟ್ಯಾಂಡಿನ ಆಟೋದವರನ್ನೆಲ್ಲ ಆಸ್ಪತ್ರೆಗೆ ಕರೆದುಕೊಂಡು ಬಂದರು. "ಫಿಕರ್ ನಕ್ಕೋ ಭಾಬಿ, ಇನ್ನೂ ಬೇಕಂದ್ರೆ ಹಲಸೂರು ಸ್ಟ್ಯಾಂಡಿಂದ ಕರ್ಕೊಂಡ್ ಬರ್ತೀನಿ" ಅಂದರು. ರಕ್ತ ಸಾಕಾಯಿತು.

ವಾಲ್ವಿನ ಮಾತು. ನನಗೆ ಪೊರೆಯದ್ದೇ ಸರಿ ಅನ್ನಿಸುತ್ತದೆ. ಲೋಹದ್ದಾದರೆ ರಕ್ತ ತೆಳುವಾಗುವ ಮಾತ್ರೆಯನ್ನು ಬದುಕಿರುವವರೆಗೂ ನುಂಗಬೇಕು. ಮತ್ತೆ ಮತ್ತೆ ಸೂಜಿ ಚುಚ್ಚಿಸಿಕೊಂಡು ಪರೀಕ್ಷೆ ಮಾಡಿಸಬೇಕು. ಸೊಪ್ಪು ತಿನ್ನುವುದಕ್ಕೂ ಲೆಕ್ಕ. ಸೊಪ್ಪಿಲ್ಲದೆ ನಮ್ಮ ಮನೆಯಲ್ಲಿ ಅಡುಗೆ ಉಂಟೆ? ಪೊರೆಯದ್ದಕ್ಕೆ ಆ ರಗಳೆ ಇಲ್ಲ. ನಾನು ಇಂಜಿನ್ ಅಲ್ಲ. ಒಪ್ಪಿಕೊಳ್ಳಿ.

ಯಮುನಾ


ಕಗ್ಗದಾಸಪುರ
8 ನವೆಂಬರ್ 1999

ಶ್ರೀ ಮುನೀಂದ್ರ ಅವರಿಗೆ,

ಹಬ್ಬಕ್ಕೆ ನೀರು ತುಂಬುವ ದಿನ ನೀವು ಫೋನು ಮಾಡಿದಿರಿ. ದೊಡ್ಡಮುನಿಯಮ್ಮನವರ ಮನೆಯಲ್ಲಿ ಅವರ ಹೆಣ್ಣುಮಕ್ಕಳು, ಅಳಿಯಂದಿರು, ಬೀಗರು ಎಲ್ಲ ಸೇರಿದ್ದರು. ಅತ್ತೆಗೆ ಕಿವಿ ಕೇಳಿಸುವುದಿಲ್ಲ ಅನ್ನುವುದು ನಿಮಗೆ ಗೊತ್ತು. ಗೊತ್ತಿದ್ದೂ ಹೇಳಿದಿರಿ.

"ಏನಂದೆ? ಲೋಹದ್ದು ಹಾಕ್ಸುದ್ರೆ ಮಗು ಮಾಡ್ಕೊಳೋ ಹಂಗಿಲ್ವಾ?" ಅಂತ ಅತ್ತೆ. "ಅವಳ ಮುಂದೆ ಮಗೂನ್ ಮಾತು ಎತ್ಬಾರ್ದಾ? ಯಾಕೆ? ನಮ್ಗೋಸ್ಕರ ಅಂತ ಇನ್ನೊಂದನ್ನ ಹಾಕಿಸ್ಕೊಂಬುಡ್ತಾಳಾ?" ಬಾಗಿಲಲ್ಲಿ ರಂಗೋಲಿ ಇಡುತ್ತಿದ್ದ ನನಗೆ ರಸ್ತೆಯ ಆಚೆಯಿಂದ ಒಂದೊಂದು ಅಕ್ಷರವೂ ಕೇಳಿಸಿತು.

ಅಂದರೆ ನಿಮಗೆ ಮೊದಲಿಂದ ಗೊತ್ತಿತ್ತು. ಆ ಗಣಿ ಡಾಕ್ಟರನ್ನು ನೀವು ಸುಮ್ಮನೆ ಕೇಳಿದ್ದಲ್ಲ. ಲೋಹದ ವಾಲ್ವಿನ ಮಾತ್ರೆ ನುಂಗುತ್ತ ಬಸುರಿಯಾದರೆ ಕೂಸಿಗೂ ಕುತ್ತು, ನನಗೂ ಕುತ್ತು. ಪೊರೆಯದ್ದಾದರೆ ಎರಡು ವರ್ಷ ಬಿಟ್ಟು ಮಗು ಮಾಡಿಕೊಳ್ಳಬಹುದು. ಇದು ನನಗೂ ಮೊದಲ ದಿನದಿಂದ ಗೊತ್ತು. ಹೌದು, ನಾನೂ ಮುಚ್ಚಿಟ್ಟೆ. ಪೊರೆಯದ್ದು ಹತ್ತು ಹನ್ನೆರಡು ವರ್ಷಕ್ಕೆ ಸವೆಯುತ್ತದೆ, ಆಗ ಇನ್ನೊಮ್ಮೆ ಎದೆ ತೆರೆಯಬೇಕು ಅನ್ನುವುದನ್ನು ಬರೆಯದೆ ಸೊಪ್ಪಿನ ನೆಪ ಹೇಳಿದೆ. ಬರೆದರೆ ನೀವು ಬೇಡ ಅನ್ನುತ್ತೀರಿ ಅಂತ.

ಆದರೆ ಒಂದು ಕೇಳುತ್ತೇನೆ. ಮಗು ನಿಮಗೋಸ್ಕರ, ಅತ್ತೆಗೋಸ್ಕರ ಬೇಕು ಅಂತ ನಿಮಗೆ ಯಾರು ಹೇಳಿದರು? ನನಗೆ ಬೇಕು. ಆ ನಾಲ್ಕು ತಿಂಗಳು ಅದು ಇದ್ದದ್ದು ನನ್ನ ಒಳಗೆ. ನನಗೆ ಬೇಕು ಅನ್ನುವುದು ನಿಮ್ಮ ತಲೆಗೆ ಹೊಳೆಯಲೇ ಇಲ್ಲವಲ್ಲ, ಅದು ನನಗೆ ಈ ಕಾಯಿಲೆಗಿಂತ ನೋವಾಗಿದೆ. ನನ್ನ ಹೊಟ್ಟೆಯ ತೀರ್ಮಾನ ಬೀಗರಿಗೆ ಗೊತ್ತು, ಅಳಿಯಂದಿರಿಗೆ ಗೊತ್ತು. ನನಗೆ ಮಾತ್ರ ಹೇಳಿಲ್ಲ.

ಫೋನು ಇಡುವ ಮುಂಚೆ ನೀವು ಅತ್ತಿರಂತೆ. ದೊಡ್ಡಮುನಿಯಮ್ಮನವರೇ ಬಂದು ಹೇಳಿದರು. "ಮಗೀನಂಗೆ ಅತ್ಬುಟ್ಟ ಕಣಮ್ಮಿ. ಇನ್ನೊಂದ್ಸಲ ಆ ಆಸ್ಪತ್ರೆ ಬಾಗ್ಲಾಗೆ ಕುಂತ್ಕಳಾಕೆ ನನ್ ಕೈಲಾಗಲ್ಲ ಅಂದ" ಅಂದರು. ಅಳುವುದನ್ನೂ ಅವರಿಗೆ ಕೇಳಿಸಿದಿರಿ, ನನಗಲ್ಲ.

ಇನ್ನು ಆ ಮನೆಗೆ ಫೋನು ಮಾಡಬೇಡಿ. ಮುನೀರರ ಕೈಯಲ್ಲೂ ಹೇಳಿಕಳಿಸಬೇಡಿ. ಏನಿದ್ದರೂ ಕಾಗದ ಬರೆಯಿರಿ, ನನಗೆ ಬರೆಯಿರಿ.

ಯಮುನಾ


ಸಿಂಗ್ರೌಲಿ
15 ನವೆಂಬರ್ 1999

ಯಮುನಾ,

ನಿನ್ನ ಕಾಗದ ಇವತ್ತು ಸಿಕ್ಕಿತು. ಫೋನಿನವರೆಗೂ ಹೋಗಿ ವಾಪಸು ಬಂದೆ. ನೀನು ಬರೆ ಅಂದಿದ್ದೀಯ. ಇಲ್ಲಿನ ಅಂಚೆ ಪೆಟ್ಟಿಗೆ ತೆಗೆಯುವುದು ವಾರಕ್ಕೆ ಎರಡೇ ಸಲ. ಇರಲಿ, ಹದಿನೈದನೇ ತಾರೀಖಿಗೆ ಇನ್ನೂ ಒಂದು ತಿಂಗಳಿದೆ.

ನೀನು ಬೈದದ್ದು ಪೂರ್ತಿ ಸರಿ. ನನಗೆ ಹೊಳೆಯಲಿಲ್ಲ. ಅಮ್ಮನ ಮುಖ ನೋಡಿ ನೀನು ಮಗು ಬೇಕು ಅನ್ನುತ್ತೀಯ ಅಂದುಕೊಂಡೆ. ಕೇಳಬೇಕಿತ್ತು.

ಸಂಕ್ರಾಂತಿಯ ದಿನ ನಿನಗೆ ನೆನಪಿರಲಿಕ್ಕಿಲ್ಲ. ಮುನೀರನ ಆಟೋದಲ್ಲಿ ನೀನು ನನ್ನ ತೊಡೆಯ ಮೇಲೆ. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಮುಗಿಯುತ್ತಲೇ ಇರಲಿಲ್ಲ. ನಿನ್ನ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಆಗ ನಾನು ಮಗುವನ್ನು ನೆನೆಯಲೇ ಇಲ್ಲ, ಯಮುನಾ. ಇವಳೊಬ್ಬಳು ಉಳಿಯಲಿ ಅಂತ ಅಷ್ಟೇ ಬೇಡಿಕೊಂಡೆ. ಆಮೇಲೆ ನೀನು ಅಳುವಾಗಲೆಲ್ಲ ನಿನ್ನ ಎದುರಿಗೆ ನಿಲ್ಲಲಾಗದೆ ಈ ಗಣಿಗೆ ಬಂದೆ. ಅದೂ ಒಂದು ಕಾರಣ.

ಈಗ ನೇರವಾಗಿ ಹೇಳುತ್ತೇನೆ. ಅದು ನಿನ್ನ ಎದೆ. ನಿನಗೆ ಯಾವುದು ಬೇಕೋ ಅದನ್ನು ಹಾಕಿಸಿಕೋ. ಪೊರೆಯದ್ದು ಅಂದರೆ ಪೊರೆಯದ್ದೇ. ಹತ್ತು ವರ್ಷಕ್ಕೆ ಮತ್ತೆ ತೆರೆಯಬೇಕಾದರೆ ತೆರೆಸೋಣ. ಕೈಲಾಗಲ್ಲ ಅಂತ ಅತ್ತದ್ದು ನಿಜ. ಆದರೂ ಕೂರುತ್ತೇನೆ. ಪಕ್ಕದಲ್ಲಿ ನಮ್ಮ ಮಗುವನ್ನು ಕೂರಿಸಿಕೊಂಡು ಕೂರುತ್ತೇನೆ. ನನ್ನ ಅಳು ಲೆಕ್ಕಕ್ಕೆ ಬೇಡ.

ಈ ಕಾಗದ ಓದಿ ತೀರ್ಮಾನ ಮಾಡು. ಮಾಡಿದ ಮೇಲೆ ನನಗೆ ಹೇಳು, ಸಾಕು.

ನಿನ್ನ
ಮುನೀಂದ್ರ


ಆಸ್ಪತ್ರೆ, ಬೆಂಗಳೂರು
29 ನವೆಂಬರ್ 1999

ರೀ,

ಇದನ್ನು ನಿಮಗೆ ಕಳುಹಿಸುವುದಿಲ್ಲ. ಒಮ್ಮೆ ಬರೆದು ಹರಿದುಹಾಕಿದರೆ ಆಮೇಲೆ ಕಳುಹಿಸುವಂಥದ್ದನ್ನು ಬರೆಯಬಹುದೇನೋ ಅಂತ ಬರೆಯುತ್ತಿದ್ದೇನೆ.

ನನಗಿಂತ ಮುಂದೆ ಹೆಸರಿದ್ದವರಿಗೆ ಜ್ವರ ಬಂದು ಅವರ ಆಪರೇಷನ್ ನಿಂತಿತು. ನಮ್ಮದು ರಕ್ತ ತಯಾರಿತ್ತು, ಹಲ್ಲು ತಯಾರಿತ್ತು. ನೀವೇ ಬನ್ನಿ ಅಂದರು. ಇಪ್ಪತ್ತನೇ ತಾರೀಖು ಶನಿವಾರ ಸೇರಿದೆ. ಭಾನುವಾರ ಸಂಜೆ ಡಾಕ್ಟರು ಬಂದು ಯಾವ ವಾಲ್ವ್ ಅಂತ ಕೇಳಿದರು. ನಿಮ್ಮ ಕಾಗದ ಬಂದಿರಲಿಲ್ಲ. ಫೋನು ಮಾಡಬೇಡಿ ಅಂತ ನಾನೇ ಹೇಳಿದ್ದೆ, ನೀವು ಮಾಡಲಿಲ್ಲ. ಮುನೀರ್ ಹೊರಗಿನ ಬೂತಿನಿಂದ ನಿಮ್ಮ ಗಣಿ ಆಫೀಸಿಗೆ ಮಾಡಿ ನೋಡಿದರು. ಭಾನುವಾರ, ಯಾರೂ ಎತ್ತಲಿಲ್ಲ.

ನನಗೆ ನಿಮ್ಮಿಂದ ಸಿಕ್ಕಿದ್ದ ಮಾತು ಒಂದೇ, ದೊಡ್ಡಮುನಿಯಮ್ಮನವರು ತಂದುಕೊಟ್ಟದ್ದು. ಇನ್ನೊಂದು ಸಲ ಆ ಬಾಗಿಲಲ್ಲಿ ಕೂರಲು ನಿಮ್ಮ ಕೈಲಾಗುವುದಿಲ್ಲ. ಅಷ್ಟು ಹೆದರಿದವರನ್ನು ಎರಡನೇ ಸಲ ಹೇಗೆ ಕೂರಿಸಲಿ ಅಂದುಕೊಂಡೆ. ಲೋಹದ್ದು ಅಂದೆ. ಸೋಮವಾರ ಅದನ್ನೇ ಹಾಕಿದರು.

ನಿಮ್ಮ ಕಾಗದ ಬುಧವಾರ ಮನೆಗೆ ಬಂತಂತೆ. ಅತ್ತೆಗೆ ಓದಲು ಬರುವುದಿಲ್ಲ. ನಾನು ವಾರ್ಡಿಗೆ ಬರುವವರೆಗೂ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ್ದಾರೆ. ಮೊನ್ನೆ ಕೊಟ್ಟರು. ಓದಿದೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂತ ಬರೆದಿದ್ದೀರಲ್ಲ, ಅಲ್ಲಿಂದ ಮುಂದೆ ಓದಲು ಬಹಳ ಹೊತ್ತಾಯಿತು. ಅಳುವ ಹಾಗಿಲ್ಲ. ಎದೆಯ ಮೂಳೆಯನ್ನು ತಂತಿಯಲ್ಲಿ ಕಟ್ಟಿದ್ದಾರೆ, ಬಿಕ್ಕಿದರೆ ಪ್ರಾಣ ಹೋಗುತ್ತದೆ. ದಿಂಬನ್ನು ಎದೆಗೆ ಒತ್ತಿ ಹಿಡಿದುಕೊಂಡು ಅತ್ತುಬಿಟ್ಟೆ.

ಶನಿವಾರಕ್ಕೆ ಬಂದಿದ್ದರೆ ನಾನು ಪೊರೆಯದ್ದು ಅನ್ನುತ್ತಿದ್ದೆ. ಅದರಲ್ಲಿ ಎರಡು ಮಾತಿಲ್ಲ.

ಇದು ಟಿಕ್ ಟಿಕ್ ಅನ್ನುತ್ತದೆ. ಬಾಯಿ ತೆರೆದರೆ ಪಕ್ಕದ ಮಂಚದವರಿಗೂ ಕೇಳಿಸುತ್ತದಂತೆ. ಅತ್ತೆಗೆ ಮಾತ್ರ ಕೇಳಿಸುವುದಿಲ್ಲ. ಬ್ಯಾಂಡೇಜಿನ ಪಕ್ಕದಲ್ಲಿ ಅಂಗೈ ಇಟ್ಟು ನೋಡಿ, "ಓಡ್ತಾ ಐತೆ, ಬುಡು" ಅಂದರು. ಆಮೇಲೆ ಕೈ ತೆಗೆಯಲೇ ಇಲ್ಲ.

ಆಪರೇಷನ್ ಆಯಿತು ಅಂತ ಮುನೀರ್ ನಿಮಗೆ ತಿಳಿಸಿದಾಗ ನೀವು ಕೇಳಿದ್ದು ಒಂದೇ ಮಾತಂತೆ. "ಭಾಬಿ, ನನ್ ಕಾಗ್ದ ಮುಂಚೆ ಸಿಕ್ತಾ ಅಂತ ಕೇಳ್ದ. ಏನ್ ಹೇಳ್ಲಿ?" ಅಂತ ಇವತ್ತು ಬೆಳಿಗ್ಗೆ ಬಂದು ನಿಂತಿದ್ದರು. ನಾನೇ ಬರೆಯುತ್ತೇನೆ ಅಂದೆ.

ನಿಜ ಗೊತ್ತಾದರೆ ನೀವು ಸಾಯುವವರೆಗೂ ಆ ಅಂಚೆ ಪೆಟ್ಟಿಗೆಯ ಮುಂದೆಯೇ ನಿಂತಿರುತ್ತೀರಿ.


ಆಸ್ಪತ್ರೆ, ಬೆಂಗಳೂರು
29 ನವೆಂಬರ್ 1999

ರೀ,

ಇದನ್ನು ಮುನೀರ್ ಕೈಲಿ ಸ್ಪೀಡ್ ಪೋಸ್ಟಿಗೆ ಹಾಕಿಸುತ್ತಿದ್ದೇನೆ. ಬದಲಿ ಆಳು ಬಂದು ನೀವು ಹೊರಡುವ ಮೊದಲು ಸಿಗುತ್ತದೆ. ನಾನು ಚೆನ್ನಾಗಿದ್ದೇನೆ. ಒರಗಿಕೊಳ್ಳದೆ ಮಲಗಿ ನಿದ್ದೆ ಮಾಡಿದೆ, ಎಷ್ಟೋ ತಿಂಗಳ ಮೇಲೆ.

ನಿಮ್ಮ ಕಾಗದ ಆಪರೇಷನ್ನಿಗೆ ಮುಂಚೆಯೇ ಸಿಕ್ಕಿತು. ಪೂರ್ತಿ ಓದಿದೆ, ಎರಡು ಸಲ ಓದಿದೆ. ನಿನ್ನ ಇಷ್ಟ ಅಂದಿರಲ್ಲ, ಅದರಿಂದ ಮನಸ್ಸು ಹಗುರಾಯಿತು. ಯೋಚನೆ ಮಾಡಿ ನಾನೇ ಲೋಹದ್ದು ಅಂದೆ. ನನ್ನ ಇಷ್ಟದಿಂದಲೇ ಅಂದೆ. ನನಗೂ ಇನ್ನೊಮ್ಮೆ ಎದೆ ತೆರೆಸಿಕೊಳ್ಳುವ ಧೈರ್ಯವಿರಲಿಲ್ಲ. ನೀವು ಏನೂ ಮನಸ್ಸಿಗೆ ಹಚ್ಚಿಕೊಳ್ಳದೆ ಬನ್ನಿ.

ಮಗುವಿನ ಮಾತು ನಾನೇ ಎತ್ತುವವರೆಗೆ ನೀವು ಎತ್ತಬೇಡಿ. ಎತ್ತಿದ ದಿನ ನನ್ನ ಎದುರಿಗೇ ಕೂತು ಅಳಿ, ಎದ್ದು ಹೋಗಬೇಡಿ.

ಬಸ್ಸಾರು ಮಾಡಿಸಿಡುತ್ತೇನೆ. ಸೊಪ್ಪನ್ನು ನೀವು ತಿನ್ನಿ.

ಕಾಗದ ಯಾವತ್ತು ಬಂತು ಅಂತ ಅತ್ತೆಯನ್ನು ಕೇಳಬೇಡಿ. ಅವರಿಗೆ ತಾರೀಖು ನೆನಪಿರುವುದಿಲ್ಲ.

ನಿಮ್ಮ
ಯಮುನಾ